ಎಡಿಸನ್‌ಗೆ ಹೊರಟಿದ್ದೀರಾ? ಮೊದಲು ಸ್ಟೇಷನ್ ಹೆಸರು ತಿಳಿದುಕೊಳ್ಳಿ

ಅಮ್ಮನನ್ನು ಕರೆದುಕೊಂಡು ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ತಂಗಿ ಮನೆಗೆ ಹೋಗಿ ಒಂದು ತಿಂಗಳು ಇದ್ದು ಬಂದೆ. ನಮ್ಮ ಕಡೆಯಿಂದ ಮಕ್ಕಳ ಮನೆಗೆ ಅಂತ ಅಲ್ಲಿಗೆ ಹೋಗುವವರು ತುಂಬಾ ಜನ ಇದ್ದಾರೆ. ಹೊರಡುವ ಮೊದಲು ನಮಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನಿಸಿದ ಕೆಲವು ವಿಷಯ ಇಲ್ಲಿ ಬರೆಯುತ್ತೇನೆ.

ಎಡಿಸನ್ ಅಂದರೆ ಪೇಟೆ, ಬಸ್ ಸ್ಟ್ಯಾಂಡ್, ಮಾರ್ಕೆಟ್ಟು ಎಲ್ಲ ಒಂದೇ ಕಡೆ ಇರುವ ಊರಲ್ಲ. ಅದೊಂದು ಟೌನ್‌ಶಿಪ್, ಅಂದರೆ ತನ್ನದೇ ಸ್ಥಳೀಯ ಆಡಳಿತ ಇರುವ ಪ್ರದೇಶ. ಸುಮಾರು 80 ಚದರ ಕಿಲೋಮೀಟರ್ ಜಾಗದಲ್ಲಿ ಮನೆಗಳು, ಆಫೀಸುಗಳು, ಗೋದಾಮುಗಳು, ಮಾಲ್‌ಗಳು ಹರಡಿಕೊಂಡಿವೆ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 1,07,588 ಜನ. ದಕ್ಷಿಣಕ್ಕೆ ರಾರಿಟನ್ ನದಿ ಇದೆ. ನಡುವೆ, ಉದ್ದಿನವಡೆಯ ತೂತಿನ ಹಾಗೆ, ಮೆಟಚನ್ ಅನ್ನೋ ಇನ್ನೊಂದು ಪುಟ್ಟ ಊರಿದೆ. ಸುತ್ತಲೂ ಎಡಿಸನ್ನೇ ಇದ್ದರೂ ಅದರ ಆಡಳಿತ ಪೂರ್ತಿ ಬೇರೆ.

ಈ ನಕ್ಷೆ ತಲೆಯಲ್ಲಿದ್ದರೆ ರೈಲಿನ ವಿಷಯ ಸುಲಭವಾಗುತ್ತದೆ. ನ್ಯೂಯಾರ್ಕ್ ಪೆನ್ ಸ್ಟೇಷನ್‌ನಿಂದ ಟ್ರೆಂಟನ್ ಕಡೆಗೆ ಹೋಗುವ, ಎನ್‌ಜೆ ಟ್ರಾನ್ಸಿಟ್ (ನ್ಯೂಜೆರ್ಸಿಯ ಸಾರಿಗೆ ಸಂಸ್ಥೆ) ನಡೆಸುವ ನಾರ್ತ್‌ಈಸ್ಟ್ ಕಾರಿಡಾರ್ ಲೈನ್‌ನಲ್ಲಿ ಮೆಟ್ರೋಪಾರ್ಕ್, ಮೆಟಚನ್, ಎಡಿಸನ್ ಒಂದರ ಹಿಂದೆ ಒಂದು ಬರುತ್ತವೆ. ಎಡಿಸನ್‌ಗೆ ಹೋಗಬೇಕು ಅಂದರೆ ಎಡಿಸನ್ ಸ್ಟೇಷನ್‌ನಲ್ಲಿ ಇಳಿಯಬೇಕು ಅಂತಲೇ ನಾನು ತಿಳಿದಿದ್ದೆ. ಆದರೆ ತಂಗಿ ಮನೆ ಟೌನ್‌ಶಿಪ್‌ನ ಉತ್ತರಕ್ಕಿದೆ. ಅವರಿಗೆ ಮೆಟ್ರೋಪಾರ್ಕೇ ಹತ್ತಿರ. ಆ ಸ್ಟೇಷನ್ ಇರುವುದು ಪಕ್ಕದ ವುಡ್‌ಬ್ರಿಜ್ ಟೌನ್‌ಶಿಪ್‌ನ ಐಸ್‌ಲಿನ್‌ನಲ್ಲಿ! ಹಾಗಾಗಿ ನೀವು ಹೋಗುವ ಮನೆಯವರನ್ನು ಅಡ್ರೆಸ್ ಜೊತೆಗೆ ಸ್ಟೇಷನ್ ಹೆಸರನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ಎಲ್ಲ ರೈಲುಗಳೂ ಎಲ್ಲ ಕಡೆ ನಿಲ್ಲುವುದಿಲ್ಲ. ಒಂದು ಸಂಜೆ ಎಡಿಸನ್ ಸ್ಟೇಷನ್ ಹತ್ತಿರದ ಪರಿಚಯದವರ ಮನೆಗೆ ಹೊರಟಿದ್ದೆವು. ಬೋರ್ಡ್ ಸರಿಯಾಗಿ ನೋಡದೆ ಹತ್ತಿದ ರೈಲು ಎಡಿಸನ್ ದಾಟಿಕೊಂಡು ಹೋಯಿತು. ನ್ಯೂ ಬ್ರನ್ಸ್‌ವಿಕ್‌ನಲ್ಲಿ ಇಳಿದು, ಚಳಿಯಲ್ಲಿ ಕಾದು, ವಾಪಸ್ ರೈಲು ಹಿಡಿದೆವು. ಅಮ್ಮನಿಗೆ ಎಪ್ಪತ್ತು ದಾಟಿದೆ. ಅವತ್ತು ನನಗೆ ನಿಜಕ್ಕೂ ಸಂಕಟವಾಯಿತು. ಆ ರೈಲು ನಿಲ್ಲುವ ಸ್ಟೇಷನ್‌ಗಳ ಪಟ್ಟಿಯನ್ನು ಆ್ಯಪ್‌ನಲ್ಲಿ ನೋಡಿಯೇ ಹತ್ತಿ. ಟಿಕೆಟ್ಟನ್ನೂ ಮೊದಲೇ ತೆಗೆದುಕೊಳ್ಳಿ. ಮಷಿನ್ ಇರುವ ಸ್ಟೇಷನ್‌ನಲ್ಲಿ ಹತ್ತಿ ರೈಲಿನೊಳಗೆ ಟಿಕೆಟ್ ಕೊಂಡರೆ ಹೆಚ್ಚುವರಿ ದುಡ್ಡು ಕೊಡಬೇಕು. ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಇಳಿಯುವವರಿಗೆ ಈ ಲೈನ್ ತುಂಬಾ ಅನುಕೂಲ. ವಿಮಾನ ನಿಲ್ದಾಣದ ಪುಟ್ಟ ರೈಲು ಏರ್‌ಟ್ರೇನ್ ಹಿಡಿದು ರೈಲ್ವೆ ಸ್ಟೇಷನ್‌ಗೆ ಬಂದರೆ ಸಾಕು. ಅಲ್ಲಿ ಗೇಟಿಗೂ ಟಿಕೆಟ್ ಬೇಕು, ಜೋಪಾನವಾಗಿ ಇಟ್ಟುಕೊಳ್ಳಿ.

ರೈಲು ಇಳಿದ ಮೇಲೆ ಮಾತ್ರ ಕಾರಿಲ್ಲದೆ ಕಷ್ಟ. ಬೀದಿ ಕೊನೆಯಲ್ಲಿ ಆಟೋ ಸಿಗುತ್ತದೆ ಅಂತ ಹೊರಡಬೇಡಿ. ಎಷ್ಟೋ ಕಡೆ ಫುಟ್‌ಪಾತ್ ಇದ್ದಕ್ಕಿದ್ದ ಹಾಗೆ ಮುಗಿದುಹೋಗುತ್ತದೆ. ರೂಟ್ 1ರಂಥ ದೊಡ್ಡ ರಸ್ತೆಯನ್ನು ಸಿಗ್ನಲ್ ಬಿಟ್ಟು ಬೇರೆಲ್ಲೂ ದಾಟಲೇಬೇಡಿ. ಕಾರು ಬಾಡಿಗೆಗೆ ತೆಗೆದುಕೊಳ್ಳುವವರು ಗಮನಿಸಿ: ಆ ರಸ್ತೆಯ ಎಷ್ಟೋ ಕಡೆ ಎಡಕ್ಕೆ ತಿರುಗಬೇಕಾದರೂ ಬಲಗಡೆಯ ಕವಲಿಗೆ ಇಳಿದು ಸುತ್ತಿಕೊಂಡು ಬರಬೇಕು. ಇದಕ್ಕೆ ಜಗ್‌ಹ್ಯಾಂಡಲ್ ಅನ್ನುತ್ತಾರೆ. ಟರ್ನ್‌ಪೈಕ್ ಅನ್ನುವ ಟೋಲ್ ಹೆದ್ದಾರಿಯಲ್ಲಿ ಬಂದರೆ ಎಡಿಸನ್‌ಗೆ 10ನೇ ಎಕ್ಸಿಟ್‌ನಲ್ಲಿ ಇಳಿಯಬೇಕು. ಪೆಟ್ರೋಲ್ ನೀವೇ ಹಾಕಿಕೊಳ್ಳುವ ಹಾಗಿಲ್ಲ, ಬಂಕ್‌ನವರೇ ಹಾಕುತ್ತಾರೆ. ಅದು ನ್ಯೂಜೆರ್ಸಿಯ ಕಾನೂನು.

ಓಕ್ ಟ್ರೀ ರೋಡ್‌ಗೆ ಹೋಗಿಯೇ ಹೋಗುತ್ತೀರಿ. ಎಡಿಸನ್, ಐಸ್‌ಲಿನ್ ಎರಡರಲ್ಲೂ ಹಾದುಹೋಗುವ ಈ ರಸ್ತೆಯಲ್ಲಿ ಸೀರೆ, ಚಿನ್ನ, ದಿನಸಿ, ದೋಸೆ ಎಲ್ಲ ಸಿಗುತ್ತದೆ. ಕೊತ್ತಂಬರಿ, ಕರಿಬೇವು ಕಂಡು ಅಮ್ಮನ ಮುಖ ಅರಳಿತು. ಸೂಟ್‌ಕೇಸಿನಲ್ಲಿ ಬೇಳೆ, ಮಸಾಲೆ ತುಂಬಿಕೊಂಡು ಹೋಗೋದು ಸುಮ್ನೆ ಭಾರ. ಬಟ್ಟೆಗೆ ನ್ಯೂಜೆರ್ಸಿಯಲ್ಲಿ ಮಾರಾಟ ತೆರಿಗೆ ಇಲ್ಲ, ಮೊಮ್ಮಕ್ಕಳಿಗೆ ಬಟ್ಟೆ ಅಲ್ಲೇ ತೆಗೆದುಕೊಡಿ.

ಸಮಯ ಇದ್ದರೆ ಒಂದು ಸಂಜೆ ಟೌನ್‌ಶಿಪ್ ಕೌನ್ಸಿಲ್ ಸಭೆಗೆ ಹೋಗಿ ಕೂತು ಬನ್ನಿ. ಯಾರು ಬೇಕಾದರೂ ಹೋಗಬಹುದು. ನಮ್ಮ ಮೈಸೂರಿನ ಹಾಗೆ ವಾರ್ಡಿಗೊಬ್ಬ ಕಾರ್ಪೊರೇಟರ್ ಅಲ್ಲ. ಏಳು ಜನ ಸದಸ್ಯರನ್ನೂ ಇಡೀ ಟೌನ್‌ಶಿಪ್ಪೇ ಆರಿಸುತ್ತದೆ. ಮೇಯರ್‌ನನ್ನೂ ಜನ ನೇರವಾಗಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. 2022ರಲ್ಲಿ ಅಧಿಕಾರಕ್ಕೆ ಬಂದ ಸ್ಯಾಮ್ ಜೋಶಿ ಅಲ್ಲಿನ ಮೊದಲ ಭಾರತೀಯ ಮೂಲದ ಮೇಯರ್. ಜನ ಮೈಕ್ ಮುಂದೆ ನಿಂತು ತಮ್ಮ ಬೀದಿಯ ತೊಂದರೆ ಹೇಳುತ್ತಿದ್ದರು, ಸದಸ್ಯರು ಕೇಳಿಸಿಕೊಳ್ಳುತ್ತಿದ್ದರು. ನನಗೆ ಅದು ಬಹಳ ಇಷ್ಟವಾಯಿತು.

ಊರಿಗೆ ಈ ಹೆಸರು ಬಂದದ್ದು 1954ರಲ್ಲಿ, ಅದಕ್ಕೂ ಮೊದಲು ರಾರಿಟನ್ ಟೌನ್‌ಶಿಪ್ ಆಗಿತ್ತು. ಇಲ್ಲಿನ ಮೆನ್ಲೋ ಪಾರ್ಕ್‌ನಲ್ಲಿ ಥಾಮಸ್ ಎಡಿಸನ್ 1876ರಲ್ಲಿ ಲ್ಯಾಬ್ ಕಟ್ಟಿದರು. 1877ರಲ್ಲಿ ಧ್ವನಿ ಮುದ್ರಿಸಿ ಕೇಳಿಸುವ ಫೋನೋಗ್ರಾಫ್, 1879ರಲ್ಲಿ ಬಲ್ಬ್ ಅಲ್ಲೇ ತಯಾರಾದವು. ಈಗ ಅಲ್ಲಿ ಲ್ಯಾಬ್ ಇಲ್ಲ. ತಲೆಯ ಮೇಲೆ ದೊಡ್ಡ ಬಲ್ಬ್ ಹೊತ್ತ ಸ್ಮಾರಕ ಗೋಪುರ ಮತ್ತು ಚಿಕ್ಕ ಮ್ಯೂಸಿಯಂ ಇವೆ. ಮ್ಯೂಸಿಯಂ ವಾರದ ಎಲ್ಲ ದಿನ ತೆರೆದಿರುವುದಿಲ್ಲ, ನೋಡಿಕೊಂಡು ಹೋಗಿ. ವೆಸ್ಟ್ ಆರೆಂಜ್ ಅನ್ನೋ ಊರಿನಲ್ಲೂ ಎಡಿಸನ್ನರ ಲ್ಯಾಬ್ ಇದೆ, ಅದು ಬೇರೆ, ದೂರ. ಟ್ಯಾಕ್ಸಿ ಬುಕ್ ಮಾಡುವಾಗ ಮೆನ್ಲೋ ಪಾರ್ಕ್, ಕ್ರಿಸ್ಟಿ ಸ್ಟ್ರೀಟ್ ಅಂತಲೇ ಹಾಕಿ. ಬರೀ ಮೆನ್ಲೋ ಪಾರ್ಕ್ ಅಂದರೆ ಅದೇ ಹೆಸರಿನ ಮಾಲ್‌ಗೆ ಕರೆದುಕೊಂಡು ಹೋಗಬಹುದು.