ಮಸುಕು ಕಾಣಲ್ವಾ, ತಲೆ ಸುತ್ತಲ್ವಾ: ಒಂದೇ ಸಲ ಹೇಳಿಬಿಡುತ್ತೇನೆ

ನಾನು ಮನೆಗಳ ಇಂಟೀರಿಯರ್ ಮಾಡುವವಳು. ಇನ್ನೂ ಕಟ್ಟದ ಅಡುಗೆಮನೆ, ಇನ್ನೂ ಕೂರಿಸದ ಟೈಲ್ಸು, ಬಡಗಿ ಇನ್ನೂ ಮುಟ್ಟದ ವಾರ್ಡ್‌ರೋಬು, ಇವನ್ನೆಲ್ಲ ವಿ.ಆರ್. ಹೆಡ್‌ಸೆಟ್ಟಿನಲ್ಲಿ, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಆ ಜಾಗದೊಳಗೇ ನಿಂತ ಹಾಗೆ ಕಾಣಿಸುವ ಪೆಟ್ಟಿಗೆಯಲ್ಲಿ, ತೋರಿಸುವುದು ನನ್ನ ಕೆಲಸದ ಒಂದು ಭಾಗ. ಇದು ಗೊತ್ತಾದ ತಕ್ಷಣ, ಮದುವೆಮನೆಯಾಗಲಿ ಲಿಫ್ಟಾಗಲಿ, ಎದುರಿಗಿದ್ದವರು ಹೇಳುವುದು ಒಂದೇ ಮಾತು: "ಅದನ್ನ ಹಾಕ್ಕೊಂಡ್ರೆ ಎಲ್ಲಾ ಮಸುಕು ಮಸುಕು ಕಾಣುತ್ತೆ, ತಲೆ ಬೇರೆ ಸುತ್ತುತ್ತೆ. ನೀವು ಹೇಗೆ ಹಾಕ್ಕೋತೀರಾ?"

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ.

ಮೊದಲು ಆ ಮಾತಿನ ಧಾಟಿ ನೋಡಿ. ಕೊನೆಯಲ್ಲಿ ಪ್ರಶ್ನೆ ಇದೆ ನಿಜ, ಆದರೆ ತೀರ್ಪು ಆಗಲೇ ಆಗಿಹೋಗಿದೆ. ಯಾವುದೋ ಮಾಲ್‌ನಲ್ಲಿ ಹಿಂದಿನವರ ಬೆವರು ಆರದ ಹೆಡ್‌ಸೆಟ್ಟನ್ನು ಎರಡು ನಿಮಿಷ ಮುಖಕ್ಕೆ ಒತ್ತಿಕೊಂಡು, ರೋಲರ್ ಕೋಸ್ಟರ್ ನೋಡಿ, ಹೊಟ್ಟೆ ತೊಳೆಸಿದಂತಾಗಿ ವಾಪಸ್ ಕೊಟ್ಟವರ ತೀರ್ಪು ಅದು. ಇನ್ನು ಕೆಲವರು ನೇರವಾಗಿ "ಯಾವ ಮಾಡೆಲ್ ತಗೊಂಡ್ರೆ ಕ್ಲಿಯರ್ ಕಾಣುತ್ತೆ?" ಅನ್ನುತ್ತಾರೆ. ದುಡ್ಡು ಕೊಟ್ಟರೆ ಮುಗೀತು ಅಂತ. ದುಬಾರಿ ಹೆಡ್‌ಸೆಟ್ಟನ್ನು ಸೊಟ್ಟಗೆ ಹಾಕಿಕೊಂಡರೂ ಮಸುಕೇ ಕಾಣುತ್ತದೆ ಸ್ವಾಮಿ.

ಹಾಕಿಕೊಳ್ಳುವ ಕ್ರಮದಿಂದಲೇ ಶುರು ಮಾಡುತ್ತೇನೆ. ಎಲ್ಲರೂ ಇದನ್ನು ಹೆಲ್ಮೆಟ್ಟಿನ ಹಾಗೆ ತಲೆ ಮೇಲಿಂದ ಇಳಿಸಿ, ಪಕ್ಕದ ಪಟ್ಟಿಯನ್ನು ಜಗ್ಗಿ ಬಿಗಿಯುತ್ತಾರೆ. ಆಗ ಪೂರ್ತಿ ಭಾರ ಕೆನ್ನೆಯ ಮೂಳೆ ಮೇಲೆ ಕೂರುತ್ತದೆ. ಹಣೆಯಲ್ಲಿ ಕೆಂಪು ಗೆರೆ ಬೀಳುತ್ತದೆ. ಮಾಡಬೇಕಾದ್ದು ಬೇರೆ. ಮೊದಲು ಮುಖಕ್ಕೆ ಹಿಡಿದುಕೊಳ್ಳಿ. ತಲೆಯ ಹಿಂದೆ, ಕುತ್ತಿಗೆಗಿಂತ ಸ್ವಲ್ಪ ಮೇಲೆ ಕೈಗೆ ಸಿಗುವ ಒಂದು ಉಬ್ಬು ಇದೆಯಲ್ಲ, ಪಟ್ಟಿಯ ಹಿಂಭಾಗ ಅದರ ಕೆಳಗೆ ಕೂರಬೇಕು. ನೆತ್ತಿ ಮೇಲಿನ ಪಟ್ಟಿ ಭಾರ ಎತ್ತಿ ಹಿಡಿಯಬೇಕು. ಪಕ್ಕದ್ದು ಜಾರದಂತೆ ನೋಡಿಕೊಂಡರೆ ಸಾಕು. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ಯಾವುದಾದರೂ ಸಣ್ಣ ಅಕ್ಷರ ನೋಡುತ್ತಾ, ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸಿ. ಒಂದು ಜಾಗದಲ್ಲಿ ಅಕ್ಷರ ಚಕ್ಕಂತ ಮೂಡುತ್ತದೆ. ಅಲ್ಲಿ ನಿಲ್ಲಿಸಿ. ಅಷ್ಟೇ. ಇದನ್ನು ಮಾಲ್‌ನ ಹುಡುಗ ಹೇಳಿಕೊಡುವುದಿಲ್ಲ, ಅವನ ಮುಂದೆ ಕ್ಯೂ ಇರುತ್ತೆ.

ಕೆಲವು ಮಿಲಿಮೀಟರಿಗೆ ಇಷ್ಟು ವ್ಯತ್ಯಾಸ ಯಾಕೆ ಅಂದರೆ ಲೆನ್ಸು. ಮೆಟಾ ಕಂಪನಿಯ 2020ರ ಹೆಡ್‌ಸೆಟ್ ಕ್ವೆಸ್ಟ್ 2 ತರಹದವುಗಳಲ್ಲಿ ಇರುವುದು ಫ್ರೆನೆಲ್ ಲೆನ್ಸ್. ದಪ್ಪ ಗಾಜಿನ ಮೈಯನ್ನು ಉಂಗುರ ಉಂಗುರವಾಗಿ ಬಿಡಿಸಿ ತೆಳ್ಳಗೆ ಮಾಡುವ ಈ ಉಪಾಯವನ್ನು ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ 1820ರ ದಶಕದಲ್ಲಿ ಕಡಲ ದೀಪಸ್ತಂಭಗಳಿಗೆ ಬಳಸಿದ. ದೂರದ ಹಡಗಿಗೆ ಅದು ಸರಿ. ಆದರೆ ಕಣ್ಣಿನ ಪಕ್ಕದಲ್ಲೇ ಇಟ್ಟರೆ ಆ ಉಂಗುರಗಳ ಅಂಚಿನಲ್ಲಿ ಬೆಳಕು ಚದುರುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬಂದರೆ ಸುತ್ತ ಬೆಳಕಿನ ಗೀರುಗಳು. ಚೆನ್ನಾಗಿ ಕಾಣುವ ಜಾಗ ನಟ್ಟನಡುವೆ ಮಾತ್ರ. 2023ರ ಕ್ವೆಸ್ಟ್ 3ರಲ್ಲಿ ಪ್ಯಾನ್‌ಕೇಕ್ ಲೆನ್ಸ್ ಬಂತು. ಬೆಳಕನ್ನು ಒಳಗೇ ಹಿಂದಕ್ಕೂ ಮುಂದಕ್ಕೂ ಪುಟಿಸಿ ಕಳಿಸುವುದರಿಂದ ಲೆನ್ಸೂ ಪರದೆಯೂ ಹತ್ತಿರ ಹತ್ತಿರ ಕೂರುತ್ತವೆ, ಅಂಚಿನವರೆಗೂ ಓದಬಹುದು. ಈ ಪುಟಿಸಾಟದಲ್ಲಿ ಬಹುಪಾಲು ಬೆಳಕು ಸೋರಿಹೋಗುತ್ತದೆ, ಪರದೆ ಅದಕ್ಕೆ ತಕ್ಕಂತೆ ಜಾಸ್ತಿ ಉರಿಯಬೇಕು. ಅದಿರಲಿ.

ಹಾಗಂತ ಸುಳ್ಳು ಹೇಳಲಾರೆ. ಎಷ್ಟೇ ಹೊಂದಿಸಿದರೂ ಕಿಟಕಿಯಿಂದ ಹೊರಗೆ ನೋಡಿದ ಹಾಗೆ ಕಾಣಲ್ಲ. ಒಳ್ಳೆಯ ಕಣ್ಣು ನೋಟದ ಒಂದು ಡಿಗ್ರಿ ಅಗಲದಲ್ಲಿ ಸುಮಾರು 60 ಪಿಕ್ಸೆಲ್‌ಗಳನ್ನು, ಅಂದರೆ ಚಿತ್ರದ ಚುಕ್ಕೆಗಳನ್ನು, ಬಿಡಿಬಿಡಿಯಾಗಿ ಗುರುತಿಸಬಲ್ಲದು. ಕ್ವೆಸ್ಟ್ 3 ಕೊಡುವುದು ಸುಮಾರು 25. ಗ್ರಾನೈಟಿನ ಚುಕ್ಕೆ ಎಣಿಸಬೇಕು ಅನ್ನುವವರಿಗೆ ನಾನು ಗ್ರಾನೈಟಿನ ತುಂಡನ್ನೇ ಕೈಗೆ ಕೊಡುತ್ತೇನೆ.

ಭಾರದ ವಿಷಯ. ಕ್ವೆಸ್ಟ್ 2 ತೂಕ 503 ಗ್ರಾಂ, ಕ್ವೆಸ್ಟ್ 3 ತೂಕ 515. 2024ರಲ್ಲಿ ಬಂದ ಆಪಲ್ ವಿಷನ್ ಪ್ರೋ 600ರಿಂದ 650 ಗ್ರಾಂ, ಅದೂ ಬ್ಯಾಟರಿ ಬೇರೆಯಾಗಿ ಜೇಬಿನಲ್ಲಿದ್ದಾಗ. ಅರ್ಧ ಕೆಜಿ ದೊಡ್ಡದೇನಲ್ಲ, ಆದರೆ ಅದೆಲ್ಲ ಮೂಗಿನ ಮುಂದೆ ನೇತಾಡುತ್ತದೆ. ಅದಕ್ಕೇ ನಾನು ಮೆತ್ತನೆಯ ಪಟ್ಟಿ ಕಿತ್ತುಹಾಕಿ ಗಟ್ಟಿ ಪಟ್ಟಿ ಹಾಕಿದ್ದೇನೆ, ಹಿಂದೆ ಒಂದು ಬ್ಯಾಟರಿ ಸಿಕ್ಕಿಸಿದ್ದೇನೆ. ಒಟ್ಟು ತೂಕ ಹೆಚ್ಚಾಯಿತು, ಕತ್ತು ಹಗುರಾಯಿತು. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಬಿಗ್‌ಸ್ಕ್ರೀನ್ ಬಿಯಾಂಡ್ ಅಂತ 2023ರಲ್ಲಿ ಇನ್ನೊಂದು ಬಂತು, ಬರೀ 127 ಗ್ರಾಂ. ಅದರ ಮುಖದ ಮೆತ್ತೆಯನ್ನು ಕೊಂಡವರ ಮುಖ ಸ್ಕ್ಯಾನ್ ಮಾಡಿ ಅವರಿಗೆ ಅಂತಲೇ ಮಾಡಿಕೊಡುತ್ತಿದ್ದರು. ದಿನಕ್ಕೊಂದು ಮುಖ ಬರುವ ನನ್ನಂಥವಳಿಗೆ ಅದು ಪ್ರಯೋಜನವಿಲ್ಲ.

ಕನ್ನಡಕದವರು ಬೇರೆಯೇ ಒಂದು ಗುಂಪು. "ಪರದೆ ಕಣ್ಣಿನ ಹತ್ತಿರಾನೇ ಇದೆಯಲ್ಲ, ಕನ್ನಡಕ ಯಾಕೆ?" ಅನ್ನುತ್ತಾರೆ. ಪರದೆ ಹತ್ತಿರ ಇರಬಹುದು, ಆದರೆ ಲೆನ್ಸು ಅದನ್ನು ಸುಮಾರು ಒಂದೂಕಾಲು ಮೀಟರು ಅಥವಾ ಅದಕ್ಕೂ ಆಚೆ ಇದ್ದ ಹಾಗೆ ತೋರಿಸುತ್ತದೆ. ಮೈನಸ್ ಅರ್ಧ, ಮುಕ್ಕಾಲು ಪವರ್ ಇದ್ದವರು ಹಾಗೇ ನೋಡಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಕನ್ನಡಕ ಬೇಕೇ ಬೇಕು. ಬರೀ ಚಾಳೀಸು ಇರುವವರಿಗೆ ಸಾಮಾನ್ಯವಾಗಿ ಬೇಕಾಗಲ್ಲ. ಇದನ್ನು ಕೇಳಿ ನಮ್ಮ ಸೋದರಮಾವನಿಗೆ ಆದ ಖುಷಿ ಹೇಳತೀರದು. ಕನ್ನಡಕದ ಗಾಜು ಹೆಡ್‌ಸೆಟ್ಟಿನ ಪ್ಲಾಸ್ಟಿಕ್ ಲೆನ್ಸಿಗೆ ತಾಗಿದರೆ ಗೀರು ಬೀಳುತ್ತದೆ, ಆ ಗೀರು ಮತ್ತೆ ಹೋಗಲ್ಲ. ನನಗೆ ಮೂರೂವರೆ ಪವರ್. ಒಳಗೇ ಕೂರಿಸುವ ಪವರ್ ಲೆನ್ಸ್ ಮಾಡಿಸಿಕೊಂಡಿದ್ದೇನೆ, ಕ್ಲೈಂಟ್ ಬಂದಾಗ ತೆಗೆದಿಡುತ್ತೇನೆ.

ಇನ್ನು ತಲೆ ಸುತ್ತುವುದು. ಕಣ್ಣು "ನಡೀತಾ ಇದ್ದೀವಿ" ಅನ್ನುತ್ತದೆ, ಒಳಗಿವಿ "ಕುರ್ಚಿ ಮೇಲಿದ್ದೀವಿ" ಅನ್ನುತ್ತದೆ. ಜಗಳ ಶುರು. ಅದಕ್ಕೇ ನಾನು ಕಂಟ್ರೋಲರಿನ ಕಡ್ಡಿ ತಳ್ಳಿ ನೋಡುವವರನ್ನು ತೇಲಿಸುವುದಿಲ್ಲ, ಹಾಲ್‌ನಿಂದ ಅಡುಗೆಮನೆಗೆ ಒಂದೇ ನೆಗೆತಕ್ಕೆ ಕರೆದೊಯ್ಯುತ್ತೇನೆ. ಚಿತ್ರ ತಡವರಿಸಬಾರದು. ಸೆಕೆಂಡಿಗೆ 72 ಚಿತ್ರಕ್ಕಿಂತ ಕೆಳಗೆ ಇಳಿದರೆ ಚಿತ್ರದೊಳಗಿನ ಪಾತ್ರೆ ಪಡಗ, ಹೂಕುಂಡ ಎಲ್ಲ ತೆಗೆದು ಮನೆ ಹಗುರ ಮಾಡುತ್ತೇನೆ. ಎದುರಿಗೆ ಫ್ಯಾನ್ ಇಡುತ್ತೇನೆ.

ಇಷ್ಟು ಹೇಳಿದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಹೆಂಗಸರಿಗೆ ಜಾಸ್ತಿ ಸುತ್ತುತ್ತಂತೆ, ಹೌದಾ?"

ಇಲ್ಲಿ ನನಗೆ ರೇಗುತ್ತದೆ. ಒಂದು ಜೋಡಿ ಬಂದಿದ್ದರು. ರಾಜರಾಜೇಶ್ವರಿನಗರದಲ್ಲಿ ಮನೆ, ಅಡುಗೆಮನೆಯ ಡಿಸೈನ್ ಅಂತಿಮ ಮಾಡಬೇಕು. ಆಗ ನಮ್ಮಲ್ಲಿದ್ದುದು ಎರಡು ಲೆನ್ಸುಗಳ ನಡುವಿನ ಅಂತರಕ್ಕೆ ಮೂರೇ ಮೂರು ಹಂತ ಇರುವ ಹಳೇ ಹೆಡ್‌ಸೆಟ್. ಯಜಮಾನರು ಮೊದಲು ಹಾಕಿಕೊಂಡರು. ಆರಡಿ ಆಳು, ಅಗಲ ಮುಖ. ಅವರಿಗೆ ಮೂರನೇ ಹಂತ, ಅಂದರೆ 68 ಮಿಲಿಮೀಟರ್, ಸರಿಹೋಯಿತು. ಆರಾಮಾಗಿ ಓಡಾಡಿದರು. "ಸೂಪರ್ ಮೇಡಂ, ಫೈನಲ್ ಮಾಡಿಬಿಡಿ" ಅಂದರು. ಹೆಂಡತಿ ಅವರ ಕೈಯಿಂದ ಇಸಕೊಂಡು ಹಾಗೇ ಹಾಕಿಕೊಂಡರು. "ಒಂದ್ನಿಮಿಷ, ಲೆನ್ಸ್ ಹೊಂದಿಸಿ ಕೊಡ್ತೀನಿ" ಅಂದೆ. "ಅಯ್ಯೋ ಬಿಡಿ ಮೇಡಂ, ಅವಳಿಗೆ ಕಾರಲ್ಲೂ ಹಂಗೇ" ಅಂತ ಯಜಮಾನರು ನಕ್ಕರು. ಅಷ್ಟರಲ್ಲಿ ಆಕೆ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಒತ್ತಿಕೊಳ್ಳುತ್ತಿದ್ದರು. "ನನಗೆ ಆಗಲ್ಲ ರೀ ಇದು. ನೀವೇ ನೋಡಿಬಿಡಿ."

ಮೇಲಿನ ಬೀರುಗಳ ಎತ್ತರ ಹೀಗೆ ನಿಗದಿಯಾಯಿತು. ಅಡುಗೆ ಮಾಡುವವರು ಆಕೆ. ಒಪ್ಪಿಗೆ ಕೊಟ್ಟವರು ಇವರು.

ನಾನು ಬಿಡಲಿಲ್ಲ. ಒಮ್ಮೆ ಹೊಟ್ಟೆ ತೊಳೆಸಲು ಶುರುವಾದರೆ ಆವತ್ತು ಏನು ಹೊಂದಿಸಿದರೂ ಉಪಯೋಗವಿಲ್ಲ, ಆ ದಿನಕ್ಕೆ ಮುಗೀತು. ಹಟ ಮಾಡಿ ನೋಡಿಸಲೂಬಾರದು. ಇನ್ನೊಂದು ದಿನ ಆಕೆಯೊಬ್ಬರನ್ನೇ ಕರೆಸಿದೆ, ಕನ್ನಡಕದ ಅಂಗಡಿಯ ಚೀಟಿ ತನ್ನಿ ಅಂದೆ. ಅದರಲ್ಲಿ ಪಿ.ಡಿ. ಅಂತ ಬರೆದಿದ್ದರು, ಎರಡು ಕಣ್ಣುಪಾಪೆಗಳ ನಡುವಿನ ಅಂತರ. 59 ಅಂತಿತ್ತು. 68ರಲ್ಲಿ ಇಟ್ಟ ಲೆನ್ಸಿನಲ್ಲಿ ಅವರು ನಡುವಿನಿಂದ ನೋಡುತ್ತಲೇ ಇರಲಿಲ್ಲ, ಎರಡೂ ಕಣ್ಣು ಅಂಚಿನಿಂದ ನೋಡುತ್ತಿದ್ದವು. ಮಸುಕಾಗದೆ ಇನ್ನೇನಾಗುತ್ತೆ? ಮೊದಲನೇ ಹಂತಕ್ಕೆ, 58ಕ್ಕೆ, ತಳ್ಳಿ ಕೊಟ್ಟೆ. ಒಲೆ ಮುಂದೆ ನಿಂತರು. ತಿರುಗಿದರು. ಸಿಂಕ್ ಕಡೆ ಬಗ್ಗಿದರು. ಆಮೇಲೆ ಗಾಳಿಯಲ್ಲಿ ಕೈ ಎತ್ತಿ, ತುದಿಗಾಲಲ್ಲಿ ನಿಂತು, "ಡಬ್ಬ ಇಳಿಸೋಕೆ ನಾನು ಸ್ಟೂಲ್ ಇಟ್ಕೋಬೇಕಾ?" ಅಂದರು. ಬೀರು ಅರ್ಧ ಅಡಿ ಕೆಳಗೆ ಬಂತು. ಟೈಲ್ಸೂ ಬದಲಾಯಿತು, ಅದು ಬೇರೆ ರಾಮಾಯಣ.

ನನ್ನನ್ನು ಕೇಳಬೇಕಾದ್ದು ಇದು: ಈ ಹೆಡ್‌ಸೆಟ್ಟನ್ನು ಯಾರ ಮುಖ ನೋಡಿ ಮಾಡಿದ್ದಾರೆ? ದೊಡ್ಡವರ ಕಣ್ಣಂತರದ ಸರಾಸರಿ ಸುಮಾರು 63 ಮಿಲಿಮೀಟರ್. ಹೆಂಗಸರದ್ದು ಸರಾಸರಿಯಲ್ಲಿ ಸ್ವಲ್ಪ ಕಡಿಮೆ. 2020ರಲ್ಲಿ ಅಮೆರಿಕದ ಸಂಶೋಧಕಿ ಕೇ ಸ್ಟ್ಯಾನಿ ಮತ್ತು ಜೊತೆಯವರು ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ಹೆಂಗಸರಿಗೆ ಜಾಸ್ತಿ ತಲೆ ಸುತ್ತುವುದಕ್ಕೆ ಮುಖ್ಯ ಕಾರಣ ಲೆನ್ಸಿನ ಅಂತರ ಅವರ ಕಣ್ಣಿಗೆ ಹೊಂದದೇ ಇರುವುದು. ಸರಿಯಾಗಿ ಹೊಂದಿದ ಹೆಂಗಸರಿಗೆ ಗಂಡಸರಿಗೆ ಆದಷ್ಟೇ ಆಯಿತು. ಕ್ವೆಸ್ಟ್ 2ರಲ್ಲಿ 58, 63, 68 ಅಂತ ಮೂರೇ ಹಂತ. ಕ್ವೆಸ್ಟ್ 3ರಲ್ಲಿ ಕೆಳಗೆ ಒಂದು ಚಕ್ರ ಇದೆ, 58ರಿಂದ 71ರವರೆಗೆ ತಿರುಗಿಸಬಹುದು. 2024ರಲ್ಲಿ ಕಡಿಮೆ ಬೆಲೆಗೆ ಬಂದ ಕ್ವೆಸ್ಟ್ 3ಎಸ್‌ನಲ್ಲಿ ಮತ್ತೆ ಅದೇ ಮೂರು ಹಂತ, ಅದೇ ಫ್ರೆನೆಲ್. 55 ಇರುವವರು ಏನು ಮಾಡಬೇಕು? ಯಾರೂ ಕೇಳಲ್ಲ. ಹಿಂದೆ ಪಟ್ಟಿ ಕೂರುವ ಜಾಗದಲ್ಲೇ ತುರುಬೂ ಕೂರುತ್ತದೆ ಅನ್ನುವುದೂ ಯಾರ ತಲೆಗೂ ಹೊಳೆದಂತಿಲ್ಲ. ಜಡೆಯಾದರೆ ಪಟ್ಟಿಯ ಸಂದಿಯಿಂದ ಎಳೆದುಕೊಳ್ಳಬಹುದು. ಕ್ಲಿಪ್ ಹಾಕಿದ ತುರುಬಾದರೆ ಬಿಚ್ಚಲೇಬೇಕು.

ಈಗ ನಮ್ಮ ಆಫೀಸಿನಲ್ಲಿ ಅಡುಗೆ ಯಾರು ಮಾಡುತ್ತಾರೋ ಅವರು ಮೊದಲು ಹಾಕಿಕೊಳ್ಳುತ್ತಾರೆ. ಅದು ಗಂಡನಾದರೆ ಗಂಡ. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಅದು ನನ್ನ ಕೈ ದಾಟಿಯೇ ಹೋಗಬೇಕು.

ಬರುವವರು ಪಿ.ಡಿ. ಚೀಟಿ ತನ್ನಿ. ಆವತ್ತು ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ. ಕುಂಕುಮ, ವಿಭೂತಿ ಪರವಾಗಿಲ್ಲ, ಮುಖದ ಮೆತ್ತೆಗೆ ಸಿಲಿಕೋನ್ ಹಾಕಿಸಿದ್ದೇನೆ, ಒರೆಸಿದರೆ ಹೋಗುತ್ತದೆ. ಲೆನ್ಸು ಮಂಜು ಹಿಡಿದರೆ ಸುಮ್ನೆ ಸ್ವಲ್ಪ ಹೊತ್ತು ಕಾಯಿರಿ, ಮುಖದ ಶಾಖಕ್ಕೆ ತಾನೇ ಹೋಗುತ್ತದೆ. ಸೆರಗಿನಿಂದ, ಶರ್ಟಿನ ತುದಿಯಿಂದ, ಸ್ಯಾನಿಟೈಸರಿನಿಂದ ಒರೆಸಬೇಡಿ, ಬಟ್ಟೆ ನಾನು ಕೊಡುತ್ತೇನೆ. ನೋಡಿಯಾದ ಮೇಲೆ ಕಿಟಕಿ ಪಕ್ಕ ಬಿಸಿಲಿಗೆ ಮಾತ್ರ ಇಡಬೇಡಿ. ಲೆನ್ಸು ಬಿಸಿಲನ್ನು ಒಂದು ಚುಕ್ಕೆಗೆ ಕೂಡಿಸಿ ಒಳಗಿನ ಪರದೆ ಸುಡುತ್ತದೆ, ಅದರ ಬಿಲ್ಲು ನಿಮ್ಮ ಅಡುಗೆಮನೆಯ ಎಸ್ಟಿಮೇಟಿಗೆ ಸೇರುತ್ತದೆ.