ಮಾರಿಷಸ್‌ಗೆ ಹೋದರೆ ಮಲಾರ್ತಿಕ್ ಸಮಾಧಿಯನ್ನೂ ನೋಡಿ ಬನ್ನಿ

ಮಾರಿಷಸ್‌ಗೆ ಹೋದವರು ಬೀಚು, ಬೋಟು ಅಂತ ನಾಲ್ಕು ದಿನ ಕಳೆದು ಬರುತ್ತಾರೆ. ತಪ್ಪೇನಿಲ್ಲ. ಆದರೆ ನೀವು ಮೈಸೂರು, ಮಂಡ್ಯ ಕಡೆಯವರಾದರೆ ರಾಜಧಾನಿ ಪೋರ್ಟ್ ಲೂಯಿಗೆ ಅರ್ಧ ದಿನ ಎತ್ತಿಡಿ. ಟಿಪ್ಪುವಿನ ಕೊನೆಯ ಯುದ್ಧಕ್ಕೆ ನೆಪ ಒದಗಿಸಿದ ಮನುಷ್ಯನ ಸಮಾಧಿ ಅಲ್ಲಿನ ರೇಸ್‌ಕೋರ್ಸಿನಲ್ಲಿದೆ.

ಹೆಸರು ಮಲಾರ್ತಿಕ್. ಫ್ರೆಂಚ್ ಜನರಲ್, ಹುಟ್ಟಿದ್ದು 1730ರಲ್ಲಿ. ಹರೆಯದಲ್ಲಿ ಕೆನಡಾದಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿದವನು. 1792ರಲ್ಲಿ ಈ ದ್ವೀಪಕ್ಕೆ ಗವರ್ನರ್ ಆಗಿ ಬಂದ, 1800ರಲ್ಲಿ ಇಲ್ಲೇ ಸತ್ತ. ಗುಲಾಮಗಿರಿ ನಿಲ್ಲಿಸಲು 1796ರಲ್ಲಿ ಪ್ಯಾರಿಸ್‌ನಿಂದ ಬಂದ ಪ್ರತಿನಿಧಿಗಳನ್ನು ಇಲ್ಲಿನ ತೋಟದ ಮಾಲೀಕರು ಹಡಗು ಹತ್ತಿಸಿ ಓಡಿಸಿದಾಗ ಇವನು ನಿಂತಿದ್ದು ಮಾಲೀಕರ ಕಡೆಗೆ. ಹಾಗಾಗಿ ಕೈಮುಗಿಯಲು ಹೋಗಿ ಅಂತ ನಾನೇನೂ ಹೇಳುತ್ತಿಲ್ಲ.

1798ರ ಜನವರಿಯಲ್ಲಿ ಟಿಪ್ಪುವಿನ ಇಬ್ಬರು ದೂತರು ಸೈನ್ಯ ಕೇಳಿಕೊಂಡು ಬಂದರು. ಕೊಡಲು ಇವನ ಹತ್ತಿರ ಸೈನ್ಯ ಇರಲಿಲ್ಲ. ಸುಮ್ನೆ ಇರಬಹುದಿತ್ತು, ಅಲ್ವಾ? ಬ್ರಿಟಿಷರನ್ನು ಓಡಿಸಲು ಟಿಪ್ಪು ನಮ್ಮ ನೆರವು ಕೇಳಿದ್ದಾನೆ, ಇಷ್ಟ ಇರುವವರು ಬನ್ನಿ ಅಂತ ಜನವರಿ 30ರಂದು ಪ್ರಕಟಣೆ ಹೊರಡಿಸಿ ಊರಿಗೆಲ್ಲ ಡಂಗುರ ಹೊಡೆಸಿದ ಹಾಗೆ ಮಾಡಿದ! ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸು. ಪ್ರಕಟಣೆ ಮಾತ್ರ ಕಲ್ಕತ್ತಾದಲ್ಲಿದ್ದ ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿ ಕೈ ಸೇರಿತು. ಅದನ್ನೇ ನೆಪ ಮಾಡಿಕೊಂಡು ಅವನು ಟಿಪ್ಪುವಿನ ಮೇಲೆ ಯುದ್ಧಕ್ಕೆ ಹೊರಟ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು.

ಸಮಾಧಿ ಇರುವ ಮೈದಾನದ ಹೆಸರು ಶಾನ್ ದ ಮಾರ್ಸ್. ಬಂದರಿನ ಪಕ್ಕದ ಕೊಡಾನ್ ವಾಟರ್‌ಫ್ರಂಟಿನಿಂದ ನಡೆದೇ ಹೋಗಬಹುದು. ನಾನು ಮೊದಲು ಹೋಗಿದ್ದು ಶನಿವಾರ. ಕುದುರೆ ರೇಸು, ಜನವೋ ಜನ. ಸಮಾಧಿಯ ತುದಿ ಕಂಡಿದ್ದೇ ಬಂತು. ನೀವು ರೇಸಿಲ್ಲದ ದಿನ, ಬೆಳಿಗ್ಗೆ ಏಳರೊಳಗೆ ಹೋಗಿ. ಆಗ ಸುತ್ತಮುತ್ತಲಿನವರು ವಾಕಿಂಗ್ ಮಾಡುತ್ತಿರುತ್ತಾರೆ. ಸಮಾಧಿಯ ಎತ್ತರದ ಕಲ್ಲಿನ ಕಂಬದ ನೆರಳಿನಲ್ಲಿ ಒಬ್ಬ ಅಜ್ಜ ಶೂ ಲೇಸು ಕಟ್ಟಿಕೊಳ್ಳುತ್ತಿದ್ದರು. ನಾನು ಫೋಟೋ ಹೊಡೆಯುವುದನ್ನು ವಿಚಿತ್ರವಾಗಿ ನೋಡಿದರು.

ಅಲ್ಲಿಂದ ಸಿಟಾಡೆಲ್ ಕೋಟೆ ಹತ್ತಿ. ಬ್ರಿಟಿಷರು ಆಮೇಲೆ ಕಟ್ಟಿದ್ದು. ಮೇಲಿನಿಂದ ಮೈದಾನ, ಬಂದರು ಎರಡೂ ಕಾಣುತ್ತವೆ. ಡಿಸೆಂಬರ್, ಜನವರಿಯಲ್ಲಿ ಸೆಖೆ ಜಾಸ್ತಿ, ನೀರಿನ ಬಾಟಲಿ ಇರಲಿ.

ಹಸಿವಾದರೆ ಮಾರ್ಕೆಟ್ ಹತ್ತಿರ ದಾಲ್ ಪುರಿ ತಿನ್ನಿ. ಬೆಲ್ಲ ಹಾಕದ ಬೇಳೆ ಹೋಳಿಗೆ ಅಂದುಕೊಳ್ಳಿ, ಮೇಲೆ ಪಲ್ಯ, ಖಾರದ ಚಟ್ನಿ. ಒಂದು ಕೇಳಿದರೆ ಜೋಡಿಯಾಗಿಯೇ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಸಂಜೆ ಐದಾದ ಮೇಲೆ ಊರು ಖಾಲಿ, ಅಷ್ಟರೊಳಗೆ ಬಸ್ ಹಿಡಿಯಿರಿ.