ಒಂದೇ ತಂತಿಯನ್ನು ನಂಬಬಹುದೇ?

ಟಿವಿ ಮತ್ತು ಬ್ರಾಡ್‌ಬ್ಯಾಂಡ್ ಎರಡನ್ನೂ ಒಟ್ಟಾಗಿ ಕೊಡುವ ಸಂಸ್ಥೆಗೆ ಬದಲಾಗಬೇಕೇ ಬೇಡವೇ ಎಂಬ ಪ್ರಶ್ನೆ ಮೂರು ವಾರಗಳಿಂದ ನನ್ನನ್ನು ಕಾಡುತ್ತಿದೆ. ಬಿಲ್ ಒಂದೇ ಆಗುತ್ತದೆ, ತಿಂಗಳ ಖರ್ಚೂ ತುಸು ಇಳಿಯುತ್ತದೆ. ಆದರೂ ನನ್ನನ್ನು ತಡೆದಿರುವುದು ಹಣದ ಲೆಕ್ಕವಲ್ಲ. ಈಗ ಟಿವಿ ಡಿಶ್‌ನಿಂದ ಬರುತ್ತದೆ, ಇಂಟರ್ನೆಟ್ ಫೈಬರ್‌ನಿಂದ ಬರುತ್ತದೆ. ಒಂದು ಕೆಟ್ಟರೂ ಇನ್ನೊಂದು ಉಳಿದಿರುತ್ತದೆ. ನನಗೆ ತೋರಿಸಿದ ಯೋಜನೆಯಲ್ಲಿ ಚಾನೆಲ್‌ಗಳೂ ಅದೇ ಫೈಬರ್‌ನಲ್ಲಿ ಹರಿದು ಬರುವುದರಿಂದ, ಎಲ್ಲೋ ರಸ್ತೆ ಅಗೆಯುವಾಗ ಆ ಎಳೆ ತುಂಡಾದರೆ ನನ್ನ ಕೆಲಸವೂ ನಿಲ್ಲುತ್ತದೆ, ಸಂಜೆಯ ಹೊತ್ತು ಅಮ್ಮನಿಗೆ ಜೊತೆಯಾಗಿರುವ ಟಿವಿಯೂ ಮೌನವಾಗುತ್ತದೆ. ಅವರ ಆ ಎರಡು ಗಂಟೆಗಳನ್ನು ನಾನು ಹಗುರವಾಗಿ ಕಾಣಲಾರೆ.

ವೇಗದ ಬಗ್ಗೆ ಅಷ್ಟು ಆತಂಕವಿಲ್ಲ. 4ಕೆ ಎಂಬ ಅತಿ ಸ್ಪಷ್ಟ ವಿಡಿಯೊಗೆ ಸುಮಾರು 25 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ವೇಗದ ಅಳತೆ) ಸಾಕಾಗುವುದರಿಂದ 100 ಎಂಬಿಪಿಎಸ್ ಸಂಪರ್ಕ ಮನೆಮಂದಿಗೆಲ್ಲ ಧಾರಾಳವಾಯಿತು. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಡೌನ್‌ಲೋಡ್ ವೇಗ, ದಿನವಿಡೀ ವಿಡಿಯೊ ಕರೆಗಳಲ್ಲಿರುವ ನನಗೆ ಅಪ್‌ಲೋಡ್ ವೇಗವೂ ಅಷ್ಟೇ ಮುಖ್ಯ.

ರಿಯಾಯಿತಿಯ ಅವಧಿ ಮುಗಿದ ಮೇಲಿನ ದರ, ಒಪ್ಪಂದವನ್ನು ನಡುವೆಯೇ ಬಿಟ್ಟರೆ ತೆರಬೇಕಾದ ಶುಲ್ಕ, ಅಪ್‌ಲೋಡ್ ವೇಗ, ಈ ಮೂರನ್ನೂ ಬರಹದಲ್ಲಿ ತಿಳಿಸುವಂತೆ ಇಂದು ಬೆಳಿಗ್ಗೆ ಕೇಳಿದ್ದೇನೆ. ಉತ್ತರ ಬರುವವರೆಗೂ ಡಿಶ್ ಛಾವಣಿಯ ಮೇಲೆಯೇ ಇರುತ್ತದೆ.